ಉಳಿದ ಒಂದು ನಂಬರ್ ಹೇಳಿ

ತಮಿಳುನಾಡಿನ ಅವಿನಾಶಿ ಊರಿನ ಜಯಪ್ರಿಯಾ ಬಿ.ಎಸ್ಸಿ. ಓದುತ್ತಿದ್ದಾಗ ಪ್ರೊಫೆಸರ್ ಗೋಪಾಲಕೃಷ್ಣ ಬೋರ್ಡಿನ ಮೇಲೆ ಬರೆದರು: ಅನಂತದಲ್ಲಿ ಅನಂತ ಕಳೆದರೆ ಸೊನ್ನೆ.

ಅವಳು ಎದ್ದು ತಮಿಳಿನಲ್ಲಿ ಕೇಳಿದಳು. ಎಲ್ಲ ಸಂಖ್ಯೆಗಳಿಂದ ಸರಿಸಂಖ್ಯೆಗಳನ್ನು ತೆಗೆದರೆ ಬೆಸಸಂಖ್ಯೆಗಳು ಉಳಿಯುವುದಿಲ್ಲವೇ? ಅವೂ ಅನಂತವೇ ಅಲ್ಲವೇ?

ಇಬ್ಬರ ಮನೆಮಾತೂ ಕನ್ನಡ. ತರಗತಿಯಲ್ಲಿ ಎಂದೂ ಆಡದ ಆ ಮಾತನ್ನು ಪ್ರೊಫೆಸರ್ ಅಂದು ಆಡಿದರು. "ನಿಮ್ಮಮ್ಮನ ಹಂಗೆ ತರಿ ಓಡ್ಸಕ್ಕೆ ಹೋಗು. ಕಣಕ್ಕು, ಲೆಕ್ಕ, ನಿನಗೆ ಬರಲ್ಲ." ತರಿ, ಅಂದರೆ ಮಗ್ಗ, ಎಳೆಯುವಂತೆ ಕೈಯಾಡಿಸಿದರು. ಕನ್ನಡ ತಿಳಿಯದವರೂ ನಕ್ಕರು. ಆ ಸೆಮಿಸ್ಟರ್‌ನಲ್ಲಿ ಅವರು ಅವಳಿಗೆ ಇಂಟರ್ನಲ್ ಅಂಕ ಕೊಡಲಿಲ್ಲ. ಒಂದು ವರ್ಷ ಹಾಳಾಯಿತು, ಎಂ.ಎಸ್ಸಿ. ಸೀಟು ಕೈತಪ್ಪಿತು.

"ಬಿಟ್ಬುಡು ಕಣ್ಣು, ದೊಡ್ಡೋರು," ಎಂದಳು ಮಗಳನ್ನು ಮುದ್ದಿನಿಂದ 'ಕಣ್ಣು' ಎನ್ನುವ ತಾಯಿ ಮುತ್ತಮ್ಮಾಳ್.

"ಬಿಡಲ್ಲಮ್ಮ."

ಕೊಯಮತ್ತೂರಿನ ಗಣಪತಿ ಬಡಾವಣೆಯ ಶಾಲೆಯೊಂದರಲ್ಲಿ ಟೀಚರಾಗಿದ್ದುಕೊಂಡೇ ಅವಳು ಅನಂತದ ಲೆಕ್ಕಗಳನ್ನು ಓದಿದಳು. ಹನ್ನೊಂದು ವರ್ಷ ಕಳೆದ ಮೇಲೆ ಕೊಯಮತ್ತೂರಿನಲ್ಲಿ ನಡೆದ ಶಿಕ್ಷಕರ ತರಬೇತಿಗೆ ಗೋಪಾಲಕೃಷ್ಣರೇ ಬಂದರು. ಅದೇ ವಿಷಯ, ಅದೇ ಸೊನ್ನೆ.

ಅವಳು ಮೈಕ್ ಕೇಳಿ ಪಡೆದು ಕನ್ನಡದಲ್ಲಿ ಶುರುಮಾಡಿದಳು. ಪ್ರತಿ ವಾಕ್ಯವನ್ನೂ ಸಭೆಗಾಗಿ ತಮಿಳಿನಲ್ಲಿ ಮತ್ತೆ ಹೇಳಿದಳು.

"ಸಾರ್, ಒಂದು ಕುಡಿಕೆ. ಮೊದ್ಲ ಸಲ ಒಂದರಿಂದ ಹತ್ತರ ತನಕ ನಂಬರ್ ಬರೆದ ಚೀಟಿ ಹಾಕ್ತೀನಿ, ಒಂದನೇ ನಂಬರ್ ಚೀಟಿ ತೆಗೀತೀನಿ. ಮುಂದಿನ ಸಲ ಹನ್ನೊಂದರಿಂದ ಇಪ್ಪತ್ತು ಹಾಕ್ತೀನಿ, ಎರಡನೇ ನಂಬರ್ ಚೀಟಿ ತೆಗೀತೀನಿ. ಹಿಂಗೇ ಕೊನೆಯಿಲ್ಲದೆ. ಮೊದ್ಲ ಸಲಕ್ಕೆ ಅರ್ಧ ನಿಮಿಷ, ಮುಂದಿನದಕ್ಕೆ ಅದರರ್ಧ. ಒಂದು ನಿಮಿಷಕ್ಕೆ ಎಲ್ಲಾ ಮುಗೀತದೆ. ಕುಡಿಕೇಲಿ ಏನುಳೀತು?"

"ಸಲಕ್ಕೆ ಒಂಬತ್ತು ಉಳೀತದಲ್ಲಮ್ಮ. ಅನಂತ."

"ಉಳಿದ ಒಂದು ನಂಬರ್ ಹೇಳಿ."

"ನೂರು."

"ನೂರನೇ ಸಲ ತೆಗೆದೆ."

"ಸಾವಿರದ ಐದು."

"ಅದೂ ಸಾವಿರದ ಐದನೇ ಸಲ ಹೋಯ್ತು."

ಅವರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಸಭೆಯಲ್ಲಿ ನಗು ಎದ್ದಿತು. ಅವಳು ಕೂರಲಿಲ್ಲ.

"ಏನೂ ಉಳಿಯಲ್ಲ. ಒಂದು, ಎರಡನೇ ನಂಬರ್ ಅಂತ ತೆಗೆಯೋ ಬದಲು ಸಲಕ್ಕೊಂದರಂತೆ ಹತ್ತು, ಇಪ್ಪತ್ತನೇ ನಂಬರ್ ಅಂತ ತೆಗೆದಿದ್ರೆ ಅನಂತ ಉಳೀತಿತ್ತು. ಎಷ್ಟು ತೆಗೆದೆ ಅನ್ನೋದಲ್ಲ ಸಾರ್, ಯಾವುದನ್ನ ತೆಗೆದೆ ಅನ್ನೋದು ನೋಡ್ಬೇಕು. ಇದು ಗೊತ್ತಿಲ್ಲದೆ ಎಷ್ಟು ಮಕ್ಕಳ ಮಾರ್ಕ್ ಕತ್ತರಿಸಿದ್ರಿ?"

ಊಟಕ್ಕೂ ನಿಲ್ಲದೆ ಹೊರಟ ಅವರು ಗೇಟಿನ ಬಳಿ ಅವಳನ್ನು ತಡೆದರು. "ಯಾರಮ್ಮ ನೀನು? ನಾನು ಪಾಠ ಹೇಳಿದೀನಾ?"

ಅವರಿಗೆ ನೆನಪೇ ಇರಲಿಲ್ಲ. ಅವಳು ಹೆಸರು ಹೇಳದೆ ನಡೆದಳು.

ಬಸ್ಸಿನಿಂದ ತಾಯಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಪಾವಂ, ಪಾಪ, ವಯಸ್ಸಾದೋರಲ್ವಾ ಕಣ್ಣು."

"ವಯಸ್ಸಾದ್ರೆ ಆಗಲಿ," ಎಂದಳು ಜಯಪ್ರಿಯಾ.