ಖಲೀದಾ ಆಂಟಿಯ ಖಾಲಿ ಟ್ರೇ

ಅಮೆರಿಕದ ಶಾಮ್‌ಬರ್ಗಿನ ಮೀನಂಗಡಿಯ ಖಲೀದಾ ಆಂಟಿಯ ಬಗ್ಗೆ ಬರೆಯಲು ಕೂತರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ. ಅದನ್ನು ನೆನೆದರೇ ಹೇಸಿಗೆಯಾಗುತ್ತದೆ.

ಆಂಟಿ ಮಲ್ಪೆಯವರು. ಅವರ ಅಪ್ಪನಿಗೆ ಒಂದು ದೋಣಿ ಇತ್ತು. ಮಳೆಗಾಲ ಮೀನು ಮೊಟ್ಟೆಯಿಡುವ ಹೊತ್ತು ಎಂದು ಅಲ್ಲಿ ಎರಡು ತಿಂಗಳು ಕಡಲಿಗಿಳಿಯದೆ ದೋಣಿ ಕಟ್ಟಿಹಾಕುತ್ತಾರೆ. ಆಂಟಿ ಅಮೆರಿಕಕ್ಕೆ ಬಂದು ಇಪ್ಪತ್ತಾರು ವರ್ಷವಾಯಿತು. ಗಂಡ ಅಕ್ರಮ್ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬರೇ ನಡೆಸುತ್ತಿದ್ದಾರೆ. ಆದರೂ ಜೂನ್ ಬಂತೆಂದರೆ ಬಂಗುಡೆಯ ಟ್ರೇ ಖಾಲಿ ಮಾಡಿ, ‘ದೋಣಿ ಕಟ್ಟಿದೆ’ ಎಂದು ಸೀಮೆಸುಣ್ಣದಲ್ಲಿ ಬರೆದ ಹಲಗೆ ಇಡುತ್ತಾರೆ. ಫ್ರೀಜರ್‌ನಲ್ಲಿ ಬರುವ ಮೀನಿಗೆ ಎಂಥ ಮಳೆಗಾಲ ಎಂದು ನಾವೆಲ್ಲ ನಗುತ್ತಿದ್ದೆವು.

ಈ ವರ್ಷ ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪದೇಶದ ಸುದ್ದಿ ಬಂತು. ಯಾವ ದೇಶಕ್ಕೂ ಸೇರದ ನಡುಗಡಲನ್ನು ಕಾಯುವ ಒಪ್ಪಂದಕ್ಕೆ ಅದು ಸಹಿ ಹಾಕಿತ್ತು. ಅಷ್ಟೇ ಅಲ್ಲ, ಉಳಿದವರು ಬರಲಿ ಬಿಡಲಿ, ಆ ನಡುಗಡಲಿನಲ್ಲಿ ಮೀನು ಬರಿದಾಗುತ್ತಿದ್ದ ಒಂದು ಭಾಗಕ್ಕೆ ತನ್ನ ಹಡಗುಗಳನ್ನು ಕಳಿಸುವುದಿಲ್ಲ ಎಂದು ಮಾತು ಕೊಟ್ಟಿತ್ತು.

“ಅವರೂ ದೋಣಿ ಕಟ್ಟಿದ್ರು ನೋಡಿ ನಿರಂಜನ್, ಅದೂ ತಮ್ಮದಲ್ಲದ ಕಡಲಿಗೋಸ್ಕರ!” ಎಂದು ಆಂಟಿ ಸುದ್ದಿಯನ್ನು ಕತ್ತರಿಸಿ ಗೋಡೆಗೆ ಅಂಟಿಸಿದರು. ಆ ದೇಶದ ಟ್ಯೂನಾ ತರಿಸಿ, ‘ಮಾತು ಉಳಿಸಿಕೊಂಡವರ ಮೀನು’ ಎಂದು ಬರೆದಿಟ್ಟರು. ನಮ್ಮವರು ಮುಗಿಬಿದ್ದರು. ಕಡಲ ಮೇಲಿನ ಪ್ರೀತಿಗಲ್ಲ, ತಿಂದು ಫೋಟೊ ಹಾಕಿಕೊಳ್ಳುವುದಕ್ಕೆ. ನಾನೂ ಹಾಕಿದೆ.

ಸೆಪ್ಟೆಂಬರಿನಲ್ಲಿ ಪ್ಲೇನ್‌ಫೀಲ್ಡಿನ ಪಾರ್ಕಿನಲ್ಲಿ ನಮ್ಮ ಕರಾವಳಿ ಬಳಗದ ಪಿಕ್ನಿಕ್. ಊಟದ ಜವಾಬ್ದಾರಿ ನನ್ನದು. ‘ಕಡಲು ಉಳಿಸುವ ಊಟ’ ಎಂದು ಬ್ಯಾನರ್ ಬರೆಸಿ, ಆಂಟಿಗೆ ನಲವತ್ತು ಪೌಂಡ್ ಟ್ಯೂನಾ ಹೇಳಿದ್ದೆ. ಹಿಂದಿನ ದಿನ ತರಲು ಹೋದರೆ ಆಂಟಿ ಸಿಂಕಿನ ಮುಂದೆ ಒಂದು ಪೆಟ್ಟಿಗೆ ಹಿಡಿದು ನಿಂತಿದ್ದರು. ಐಸ್ ಕರಗಿ ಮೇಲಿನ ಸ್ಟಿಕರ್ ಕಿತ್ತು ಬಂದಿತ್ತು. ಅದರ ಕೆಳಗೆ ಇನ್ನೊಂದು. ಮೇಲಿನದರಲ್ಲಿ ದ್ವೀಪದ ಹೆಸರು. ಕೆಳಗಿನದರಲ್ಲಿ ಬೇರೆ ದೇಶದ ಹಡಗು, ಮೀನು ಹಿಡಿದ ಜಾಗದ ಹೆಸರು. ದ್ವೀಪದವರು ಹಡಗು ಕಳಿಸುವುದಿಲ್ಲ ಎಂದಿದ್ದ ಜಾಗಕ್ಕೆ ಗೋಡೆಯ ಮೇಲಿನ ಸುದ್ದಿಯಲ್ಲಿದ್ದದ್ದೂ ಅದೇ ಹೆಸರು. ದ್ವೀಪದವರು ಬಿಟ್ಟು ಬಂದ ಕಡಲನ್ನು ಬೇರೆಯವರು ಬಾಚಿದ್ದರು. ಆ ಮೀನನ್ನು ಇಲ್ಲಿ ದ್ವೀಪದವರದೇ ಹೆಸರಿನಲ್ಲಿ ಮಾರಲಾಗುತ್ತಿತ್ತು.

ಮೀನು ಕಳಿಸುವ ವೆಂಕಟರಾಮುಗೆ ಆಂಟಿ ಫೋನ್ ಮಾಡಿ ಸ್ಪೀಕರ್ ಹಾಕಿದರು.

“ಅಯ್ಯೋ ಆಂಟಿ, ಎಲ್ರೂ ಆ ಐಲ್ಯಾಂಡಿಂದೇ ಬೇಕು ಅಂತಾರೆ. ಅಷ್ಟೊಂದು ಎಲ್ಲಿಂದ ತರ್ಲಿ? ಡಿಮ್ಯಾಂಡ್ ಮಾಡಿದ್ದೇ ನೀವು” ಎಂದು ಆತ ನಕ್ಕ.

ಆಂಟಿ ಫೋನ್ ಇಟ್ಟು, ಕೈಯನ್ನು ಎರಡೆರಡು ಸಲ ಸೋಪು ಹಾಕಿ ತೊಳೆದರು. “ಆ ದ್ವೀಪದವರ ಹೆಸರು ಹಾಳು ಮಾಡಿದ್ದು ನಾನೇ ಮಾರಾಯ್ರೆ” ಎಂದರು.

“ಆಂಟಿ, ನಾಳೆ ಒಂದಿನ ಕೊಟ್ಬಿಡಿ. ಇನ್ನೂರು ಜನ ಬರ್ತಾರೆ. ಯಾರಿಗೆ ಗೊತ್ತಾಗುತ್ತೆ?” ಹೀಗೆ ಕೇಳಿದ್ದು ನಾನು, ನನ್ನದೇ ಬಾಯಿಂದ.

“ನಿಮಗೆ ಗೊತ್ತುಂಟಲ್ಲ?” ಎಂದಷ್ಟೇ ಹೇಳಿ ಆಂಟಿ ಟ್ರೇ ಖಾಲಿ ಮಾಡಿದರು. ಹಳೆಯ ಬರಹ ಒರೆಸಿ, ‘ಇಷ್ಟು ದಿನ ನಾನು ಮಾರಿದ್ದು ಆ ದ್ವೀಪದ ಮೀನಲ್ಲ. ತಪ್ಪಾಯಿತು. ದೋಣಿ ಕಟ್ಟಿದೆ’ ಎಂದು ಬರೆದರು. ಆಮೇಲೆ, ಆ ಮೀನು ಕೊಂಡಿದ್ದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಲು ಕೂತರು. “ಪರವಾಗಿಲ್ಲ ಆಂಟಿ, ಮೀನು ಚೆನ್ನಾಗಿತ್ತು” ಎಂದು ಒಬ್ಬಾಕೆ ಅಂದದ್ದು ನನಗೂ ಕೇಳಿಸಿತು.

ನಾನು ಕಾರಿನಲ್ಲಿ ಕೂತು ವೆಂಕಟರಾಮುಗೆ ಫೋನ್ ಮಾಡಿದೆ. ನಲವತ್ತು ಪೌಂಡ್ ಸಂಜೆಯೊಳಗೆ ಮನೆಗೇ ಬಂತು. ಸ್ಟಿಕರ್ ಈ ಸಲ ಗಟ್ಟಿಯಾಗಿ ಅಂಟಿತ್ತು.

ಪಿಕ್ನಿಕ್‌ಗೆ ಆಂಟಿ ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು. ಬ್ಯಾನರನ್ನು ಪೂರ್ತಿ ಓದಿ ನನ್ನ ಮುಂದೆ ಬಂದು ನಿಂತರು. ನನ್ನ ತಟ್ಟೆಯಲ್ಲಿ ಎರಡು ತುಂಡು, ಬಾಯಲ್ಲಿ ಒಂದು.

“ರುಚಿ ಉಂಟಾ?” ಎಂದು ಕೇಳಿದರು.

ರುಚಿಯಾಗಿಯೇ ಇತ್ತು. “ಉಂಟು, ಆಂಟಿ” ಎಂದೆ.