ನಮ್ಮ ಮನೆಯ ಮುಂದಿನ ಹಂಪು

ಶಹಾಪುರದಿಂದ ಬರುವಾಗ, ಸುರಪುರ ಇನ್ನೇನು ಬಂತು ಎನ್ನುವಲ್ಲಿ, ರಸ್ತೆಗೆ ಅಂಟಿಕೊಂಡು ನಮ್ಮ ಮನೆ ಇದೆ. ಊರೊಳಗೆ ಜಾಗ ಸಿಕ್ಕಿದ್ದರೂ ನನ್ನ ಗಂಡ ಹಟ ಹಿಡಿದು ಇಲ್ಲೇ ಕಟ್ಟಿಸಿದ. ಅಂಗಳದಿಂದ ಇಳಿದರೆ ಗಾಡಿ ನೇರ ಡಾಂಬರಿಗೇ ಇಳಿಯಬೇಕು ಎಂಬುದು ಅವನ ಆಸೆ. ಯಾದಗಿರಿಯ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ. ದಿನಾ ಮೋಟರ್ ಸೈಕಲ್ ಮೇಲೆ ಹೋಗಿಬರುತ್ತಿದ್ದ. ಭೀಮಾ ಸೇತುವೆಯ ಮೇಲೆ ತಾನು ಹಿಂದೆ ಹಾಕಿದ ಬಸ್ಸು, ಮನೆಗೆ ಬಂದು ಕಾಲು ತೊಳೆದು ಚಹಾ ಕುಡಿದ ಮೇಲೆ ಬಾಗಿಲ ಮುಂದೆ ಹಾಯ್ದು ಹೋಗುವುದನ್ನು ನನಗೆ ತೋರಿಸಿ ನಗುತ್ತಿದ್ದ.

ನಾನು ಬೈಯುತ್ತಿದ್ದೆ. ಬೈಯುವುದು ನನಗೆ ಚೆನ್ನಾಗಿಯೇ ಬರುತ್ತದೆ, ದೇವಾಪುರದ ಶಾಲೆಯಲ್ಲಿ ಮಕ್ಕಳಿಗೆ ಬೈದು ಬೈದು ರೂಢಿ. ಅವನ ಉತ್ತರ ಒಂದೇ. ರಸ್ತೆ ಖಾಲಿ ಇತ್ತು, ಯಾರಿಗೂ ಏನೂ ಆಗಲಿಲ್ಲ, ಅಂದ ಮೇಲೆ ತಪ್ಪೆಲ್ಲಿಂದ ಬಂತು? ಇದಕ್ಕೆ ನನ್ನ ಹತ್ತಿರ ಆಗ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಅಂಥವನು ಸತ್ತದ್ದು ನಡೆದುಕೊಂಡು ಹೋಗುವಾಗ. ಒಂದು ಸಂಜೆ ಸುಸಲಾ ಮಾಡು ಎಂದ. ನೆನೆಸಿ ಒಗ್ಗರಣೆ ಹಾಕಲು ಮನೆಯಲ್ಲಿ ಚುರುಮುರಿ ಇರಲಿಲ್ಲ. ರಸ್ತೆಯಾಚೆಯ ಅಂಗಡಿಯಿಂದ ತರುತ್ತೇನೆಂದು ಚಪ್ಪಲಿಯನ್ನೂ ಮೆಟ್ಟದೆ ಹೊರಟ. ಸುರಪುರದ ಕಡೆಯಿಂದ ಬಿಳಿ ಕಾರೊಂದು ಬಂತು. ನಾನು ಕಟ್ಟೆಯ ಮೇಲೆ ಈರುಳ್ಳಿ ಹೆಚ್ಚುತ್ತ ಕೂತಿದ್ದೆ, ಎಲ್ಲ ನೋಡಿದೆ. ಆ ಕಾರು ಉಳಿದ ಕಾರುಗಳು ಹೋಗುವಷ್ಟೇ ಜೋರಾಗಿ ಹೋಗುತ್ತಿತ್ತು.

ಓಡಿಸುತ್ತಿದ್ದವನು ಸುರಪುರದ ಕಾಲೇಜಿನಲ್ಲಿ ಪಾಠ ಹೇಳುವ ಲೆಕ್ಚರರ್, ಶಹಾಪುರದಿಂದ ದಿನಾ ಓಡಾಡುವವನು. ಓಡಿಹೋಗಲಿಲ್ಲ. ತಾನೇ ಇಳಿದು, ಅಂಗಡಿಯವನ ಜೊತೆ ಸೇರಿ ನನ್ನ ಗಂಡನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ಕಾರು ತಿರುಗಿಸಿ ದವಾಖಾನೆಗೆ ಹೊಡೆದ. ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ನಾನು ಆ ಮನುಷ್ಯನಿಗೆ ಕೂಗುತ್ತಿದ್ದುದು ಒಂದೇ ಮಾತು.

"ಜೋರ್ ಹೊಡಿಯಪ್ಪಾ, ಇನ್ನಾ ಜೋರ್ ಹೊಡಿ."

ಅವನು ಹೊಡೆದ, ಬರುವಾಗಿನದಕ್ಕಿಂತ ಬಹಳ ಜೋರಾಗಿ. ಮಂದಿ ಅತ್ತಿತ್ತ ಜಿಗಿದು ದಾರಿ ಬಿಟ್ಟರು. ಅದೇ ಕಾರು, ಅದೇ ರಸ್ತೆ, ಅದೇ ಕಾಲು. ಬರುವಾಗ ಪಾಪ, ಹೋಗುವಾಗ ಪುಣ್ಯ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಬೇಕೋ ಬಿಡಬೇಕೋ ಇನ್ನೂ ತಿಳಿದಿಲ್ಲ. ಏನೇ ಆಗಲಿ, ನಾವು ಮುಟ್ಟುವ ಹೊತ್ತಿಗೆ ಅವನು ಹೋಗಿಬಿಟ್ಟಿದ್ದ.

ನಮ್ಮ ಕಡೆ ರಸ್ತೆಯಲ್ಲಿ ಯಾರಾದರೂ ಸತ್ತರೆ ಸರಕಾರಕ್ಕೆ ಅರ್ಜಿ ಕೊಟ್ಟು ಕಾಯುತ್ತ ಕೂಡುವುದಿಲ್ಲ. ಆಸುಪಾಸಿನವರೇ ಕೂಡಿ, ಗಾಡಿ ನಿಧಾನವಾಗಲೆಂದು ರಸ್ತೆಗೆ ಅಡ್ಡ ಹಂಪು ಹಾಕಿಬಿಡುತ್ತಾರೆ. ದಿನದ ಕಾರ್ಯ ಮುಗಿಯುವುದರೊಳಗೆ ನಮ್ಮ ಮನೆಯ ಮುಂದೂ ಹಂಪು ಎದ್ದಿತು. ಹಿಂದಿನ ಮನೆಯವರು ಸ್ಲ್ಯಾಬ್ ಹಾಕಿಸುತ್ತಿದ್ದರು, ಉಳಿದ ಕಾಂಕ್ರೀಟೆಲ್ಲ ಬುಟ್ಟಿಯಲ್ಲಿ ಹೊತ್ತು ತಂದು ಸುರಿದರು. ದುಃಖದ ಭರದಲ್ಲಿ ಅಳತೆ ಯಾರಿಗೂ ನೆನಪಾಗಲಿಲ್ಲ. ಗುಡ್ಡದಂಥ ಹಂಪು. ಮೇಲೆ ಸುಣ್ಣ ಬಳಿದರು. ಸುಣ್ಣ ಬಿತ್ತೆಂದು ಯಾರೋ ಹೆಣ್ಣುಮಗಳು ಅರಿಶಿನ ಕುಂಕುಮವನ್ನೂ ಹಚ್ಚಿಬಿಟ್ಟಳು.

ಅಲ್ಲಿಂದ ಒಂದು ತಮಾಷೆ ಶುರುವಾಯಿತು. ಅಮಾವಾಸ್ಯೆಗೆ ತಿಂಥಣಿಯ ಗುಡಿಗೆ ಹೋಗುವ ಟೆಂಪೋಗಳು ಹಂಪಿನ ಮುಂದೆ ನಿಧಾನವಾದಾಗ ಒಳಗಿದ್ದವರು ಕೈಮುಗಿಯತೊಡಗಿದರು. ಯಾವುದೋ ಶರಣರು ಇಲ್ಲಿ ಐಕ್ಯರಾಗಿದ್ದಾರೆ ಎಂದುಕೊಂಡರು. ಒಬ್ಬ ಅಜ್ಜಿಯಂತೂ ಇಳಿದು ಬಂದು ಕಾಯಿ ಒಡೆದು, ಇದು ಯಾರ ಗದ್ದುಗೆ ಎಂದು ನನ್ನನ್ನೇ ಕೇಳಿದಳು.

"ಗದ್ದಗಿ ಅಲ್ಲವ್ವಾ, ಹಂಪ್ ಅದ ಅದು. ಗಾಡಿ ಸಾವಕಾಶ ಹೊಡಿ ಅಂತ ನಿಮ್ಮ ಡ್ರೈವರ್ಗ ಹೇಳು," ಎಂದೆ. ಅಜ್ಜಿ ನಂಬಲಿಲ್ಲ, ನನಗೂ ಒಂದು ಹೋಳು ಪ್ರಸಾದ ಕೊಟ್ಟು ಹೋದಳು. ಬದುಕಿದ್ದಾಗ ಗುಡಿಯ ಮೆಟ್ಟಿಲು ಹತ್ತದ ನನ್ನ ಗಂಡ ಇದನ್ನು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ನಾನು ಒಬ್ಬಳೇ ನಕ್ಕೆ. ಒಬ್ಬಳೇ ನಕ್ಕರೆ ಬೇಗ ಮುಗಿಯುತ್ತದೆ.

ನಮಗೆ ಮಕ್ಕಳಿಲ್ಲ. ಶಾಲೆ ಬಿಟ್ಟು ಬಂದರೆ ಮನೆಯಲ್ಲಿ ಮಾತಾಡುವುದು ಕುಕ್ಕರ್ ಮಾತ್ರ. ಆದರೆ ಹಂಪಿದ್ದಷ್ಟು ಕಾಲ ನನಗೆ ಅಷ್ಟೇನೂ ಒಂಟಿತನ ಅನಿಸಲಿಲ್ಲ. ಪ್ರತಿ ಗಾಡಿಯೂ ನಮ್ಮ ಬಾಗಿಲ ಮುಂದೆ ಉಸಿರು ಬಿಟ್ಟು, ಮೆಲ್ಲಗೆ ಹತ್ತಿ, ಮೆಲ್ಲಗೆ ಇಳಿಯಬೇಕಿತ್ತು. ಅಷ್ಟರಲ್ಲಿ ಕಿಟಕಿಯವರು ನನ್ನನ್ನು ನೋಡುತ್ತಿದ್ದರು, ನಾನು ಅವರನ್ನು ನೋಡುತ್ತಿದ್ದೆ. ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು ಚಹಾ ಆಯಿತೇ ಎಂದು ಕೇಳುತ್ತಿದ್ದ. ಹತ್ತಿ ಹೇರಿದ ಲಾರಿಯವರು ನನಗೆ ಕೇಳುವಂತೆಯೇ ಹಂಪು ಹಾಕಿದವರ ಅಪ್ಪ ಅಜ್ಜಂದಿರನ್ನೆಲ್ಲ ಬೈಯುತ್ತಿದ್ದರು. ಅದೂ ಒಂದು ಮಾತೇ.

ಕೋರ್ಟಿನಲ್ಲಿ ಲೆಕ್ಚರರ್ ತಪ್ಪೊಪ್ಪಿಕೊಂಡ. ದಂಡ ಹಾಕಿ ಬಿಟ್ಟರು. ಇಷ್ಟೇನಾ ಎಂದು ನಮ್ಮವರು ಹಾರಾಡಿದರು. ಅದೇ ದಿನಗಳಲ್ಲಿ ನಮ್ಮ ಹೆಡ್‌ಮಾಸ್ತರಿಗೆ ಯಾದಗಿರಿಯ ಹತ್ತಿರ ಖಾಲಿ ರಸ್ತೆಯಲ್ಲಿ ಜೋರಾಗಿ ಹೋದದ್ದಕ್ಕೆ ಕ್ಯಾಮರಾ ಹಿಡಿದು ದಂಡ ಬಂದಿತ್ತು. ಒಂದು ನಾಯಿಗೂ ಗುದ್ದಿಲ್ಲ, ನನಗ್ಯಾಕೆ ದಂಡ ಎಂದು ಸ್ಟಾಫ್ ರೂಮಿನಲ್ಲಿ ವಾರಗಟ್ಟಲೆ ಗೊಣಗಿದರು. ನನ್ನ ಗಂಡನದೇ ಮಾತು, ಬೇರೆ ಬಾಯಿ. ನನಗೆ ಸಿಟ್ಟು ನೆತ್ತಿಗೇರಿತು. ನೀವೂ ಆ ಲೆಕ್ಚರರೂ ಒತ್ತಿದ್ದು ಒಂದೇ ಪೆಡಲು, ನಿಮ್ಮ ಮುಂದೆ ಚುರುಮುರಿ ತರಲು ಯಾರೂ ಹೊರಟಿರಲಿಲ್ಲ, ಅಷ್ಟೇ ಫರಕು ಎಂದುಬಿಟ್ಟೆ. ಅಂದಮೇಲೆ ನನಗೇ ಹೊಳೆಯಿತು, ಹಾಗಾದರೆ ನನ್ನ ಗಂಡನೂ ಅದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ದಿನಾ ಯಾರದೋ ಬಾಗಿಲ ಮುಂದೆ ಅವನು ಹಾಗೇ ಹಾಯ್ದು ಬಂದವನು.

ಆಮೇಲೆ ರಸ್ತೆಗೆ ಹೊಸ ಡಾಂಬರು ಬಂತು. ಹೈವೇ ಮೇಲೆ ಹಂಪು ಇರುವಂತಿಲ್ಲ ಎಂದು ಎಂಜಿನಿಯರು ಕಾನೂನು ಹೇಳಿದ. ಆಂಬುಲೆನ್ಸಿನವರು ಏನು ಮಾಡಬೇಕು ಎಂದು ಕೇಳಿದ. ಆ ದಿನ ಕಾರಿನಲ್ಲಿ ನಾನು ಕೂಗಿದ್ದು ನೆನಪಾಯಿತು. ಒಂದು ಬೆಳಿಗ್ಗೆ ಜೆಸಿಬಿ ಬಂದು ಹಂಪನ್ನು ಕೆರೆದುಹಾಕಿತು. ಅದರ ಬದಲಿಗೆ ನಲವತ್ತು ಎಂದು ಬರೆದ ಬೋರ್ಡು ನೆಟ್ಟರು. ಅದಕ್ಕೀಗ ಅಂಗಡಿಯವನು ಎಮ್ಮೆ ಕಟ್ಟುತ್ತಾನೆ.

ಅಂದಿನಿಂದ ಗಾಡಿಗಳು ನಮ್ಮ ಮನೆಯ ಮುಂದೆ ಸುಯ್ಯೆಂದು ಹೋಗುತ್ತವೆ. ಕಂಡಕ್ಟರನ ಮುಖ ಕಾಣುವುದಿಲ್ಲ. ಟೆಂಪೋದವರು ಕೈಮುಗಿಯುವುದಿಲ್ಲ. ನಿಜವಾದ ಒಂಟಿತನ ನನಗೆ ಗೊತ್ತಾದದ್ದು ಗಂಡ ಸತ್ತಾಗ ಅಲ್ಲ, ಹಂಪು ಹೋದಾಗ. ಹೀಗೆ ಹೇಳಿದರೆ ಮಂದಿ ಏನೆಂದಾರು ಎಂದು ಯಾರಿಗೂ ಹೇಳಿರಲಿಲ್ಲ.

ಒಂದು ಸಂಜೆ ಕಟ್ಟೆಯ ಮೇಲೆ ಕೂತಿದ್ದಾಗ ಒಂದು ಗಾಡಿಯ ಸದ್ದು ಸಣ್ಣದಾಯಿತು. ಗೇರು ಇಳಿಸಿ, ಬ್ರೇಕು ಹಾಕಿ, ಇಲ್ಲದ ಹಂಪನ್ನು ಮೆಲ್ಲಗೆ ದಾಟಿ ಹೋಯಿತು. ಬಿಳಿ ಕಾರು. ಮರುದಿನವೂ ಹಾಗೇ. ಅದರ ಮರುದಿನವೂ. ಅವನು ಮನೆಯ ಕಡೆ ತಿರುಗಿ ನೋಡುತ್ತಿರಲಿಲ್ಲ. ಆದರೆ ನಿಧಾನ ಮಾತ್ರ ತಪ್ಪದೆ ಆಗುತ್ತಿದ್ದ.

ಹೋದ ಬೇಸಿಗೆಯಲ್ಲಿ ಒಂದು ದಿನ ಕಾರು ನಿಂತೇಬಿಟ್ಟಿತು. ಇಳಿದು ಬಂದು ಅಂಗಳದ ಹೊರಗೇ ನಿಂತ. ಆಗಲೇ ಅವನ ಕೂದಲು ನೆರೆಯತೊಡಗಿತ್ತು. ಕೂತುಕೊಳ್ಳಿ ಎಂದರೂ ಕೂಡಲಿಲ್ಲ.

"ಅಕ್ಕೋರ, ದಿನಾ ನಿಮ್ಮ ಮುಂದ ಹಾಯ್ದು ಹೋಗಾಕತ್ತೀನಿ. ನನ್ನ ನೋಡಿ ನಿಮಗ ಸಂಕಟ ಆಗ್ತದಂದ್ರ ಹೇಳ್ರಿ. ಸುತ್ತಾದ್ರೂ ಚಿಂತಿಲ್ಲ, ಹಳ್ಳಿ ದಾರಿ ಹಿಡದು ಹೋಗ್ತೀನಿ."

ನಿನ್ನದೇನೂ ಉಳಿದಿಲ್ಲ, ದಂಡ ಮುಗಿದಿದೆ, ನಿನ್ನ ಪಾಡಿಗೆ ನೀನು ಎಲ್ಲರ ಹಾಗೆ ಹೋಗು ಎಂದು ಹೇಳುವುದು ನ್ಯಾಯವಾಗಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಹೇಳಿದರೆ ಅವನು ನಿಜಕ್ಕೂ ಎಲ್ಲರ ಹಾಗೆ ಹೋಗಿಬಿಡುತ್ತಿದ್ದ.

"ಇದೇ ದಾರಿಲೆ ಹೋಗ್ರಿ," ಎಂದೆ. "ಸಾವಕಾಶ ಹೋಗ್ರಿ."

ಅವನು ತಲೆ ತಗ್ಗಿಸಿ "ಹೌದ್ರಿ" ಎಂದ. ಕೋರ್ಟು ಕೊಡದ ಶಿಕ್ಷೆಯನ್ನು ನಾನು ಕೊಟ್ಟೆ ಎಂದುಕೊಂಡಿರಬೇಕು. ಅದನ್ನು ಹೊತ್ತುಕೊಂಡೇ ಕಾರು ಹತ್ತಿದ. ಹಾಗಲ್ಲಪ್ಪ ಎಂದು ಕರೆದು ಹೇಳಲಿಲ್ಲ ನಾನು.

ಈಗ ಶಾಲೆಯಿಂದ ಬಂದು ಚಹಾ ಹಿಡಿದು ಕಟ್ಟೆಗೆ ಕೂಡುತ್ತೇನೆ. ಕತ್ತಲಾಗುವ ಮೊದಲು ಬಿಳಿ ಕಾರು ಬರುತ್ತದೆ, ನಿಧಾನವಾಗುತ್ತದೆ, ಹೋಗುತ್ತದೆ. ಭಾನುವಾರ ಕಾಲೇಜಿಗೆ ರಜೆ. ಅಂದು ನಮ್ಮ ಮನೆಯ ಮುಂದೆ ಯಾವ ಗಾಡಿಯೂ ನಿಧಾನವಾಗುವುದಿಲ್ಲ.