ಹುಲ್ಲಿನ ಕಡೆಯವಳು

ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ಸೀಟು ಸಿಕ್ಕ ಹೆಂಗಸರು ಮೆಂತ್ಯದ ಸೊಪ್ಪು ಬಿಡಿಸುತ್ತಾರೆ, ಬಟಾಣಿ ಸುಲಿಯುತ್ತಾರೆ, ಏನೂ ಇಲ್ಲದಿದ್ದರೆ ಎದುರಿನವರ ಬಳೆ ನೋಡುತ್ತಾರೆ. ನಾನು ಸೀರೆಯ ಅಂಚಿನಿಂದ ಹುಲ್ಲಿನ ಬೀಜ ಕೀಳುತ್ತೇನೆ. ದೀಪಾವಳಿಯ ಆಚೀಚೆ, ಸೂಜಿಹುಲ್ಲಿನ ಬೀಜ ಉದುರುವ ಕಾಲದಲ್ಲಿ, ನನ್ನ ಸೀರೆಗಳಿಗೆಲ್ಲ ಇರುವ ಅಂಚಿನ ಕೆಳಗೆ ಇನ್ನೊಂದು ಅಂಚು ಬಂದಿರುತ್ತದೆ. ಕಿತ್ತದ್ದನ್ನು ಕಿಟಕಿಯಾಚೆ ಎಸೆಯದೆ ಕರವಸ್ತ್ರದಲ್ಲಿ ಕಟ್ಟಿಡುವುದನ್ನು ಕಂಡು ಪಕ್ಕದಾಕೆ ಮೆಲ್ಲನೆ ಅತ್ತ ಸರಿಯುತ್ತಾಳೆ. ಮುಂಬಯಿಯ ಲೋಕಲಿನಲ್ಲಿ ಮೈ ಅಲುಗಾಡಿಸುವಷ್ಟು ಜಾಗ ಸಂಪಾದಿಸಲು ಇದಕ್ಕಿಂತ ಸುಲಭದ ಉಪಾಯ ನನಗೆ ಗೊತ್ತಿಲ್ಲ, ಬೇಕಾದರೆ ನೀವೂ ಪ್ರಯೋಗಿಸಿ ನೋಡಬಹುದು.

ದನ ಕುರಿ ಮೇಯುವ ಬಯಲುಗಳ ಸಸ್ಯಗಳನ್ನು ಅಭ್ಯಾಸ ಮಾಡುವುದು ನನ್ನ ವೃತ್ತಿ. ಸಾಂತಾಕ್ರೂಜ್‌ನಲ್ಲಿ ಹೋಟೆಲು ನಡೆಸುತ್ತಿದ್ದ ನನ್ನ ಅಪ್ಪ, ಮಗಳು ಡಾಕ್ಟರಾದಳೆಂದು ಗಲ್ಲಾದಲ್ಲಿ ಕೂತು ಸಾರಿಬಿಟ್ಟಿದ್ದರಿಂದ, ನಾನು ಅಲ್ಲಿಗೆ ಹೋದಾಗಲೆಲ್ಲ ಹಳೆಯ ಗಿರಾಕಿಗಳು ನಾಲಿಗೆ ಚಾಚಿ ತೋರಿಸುತ್ತಿದ್ದರು. ಹುಲ್ಲಿನ ಡಾಕ್ಟರೆಂದು ತಿಳಿದ ಕೂಡಲೇ ನಾಲಿಗೆ ಒಳಗೆ ಹೋಗುತ್ತಿತ್ತು, ಜೊತೆಗೆ ಗೌರವವೂ. ಲೆಕ್ಕಕ್ಕಿಲ್ಲದ್ದನ್ನು ತೃಣಸಮಾನ ಎನ್ನುವ ಭಾಷೆಯಲ್ಲಿ ಹುಟ್ಟಿದವಳು ಇನ್ನೇನನ್ನು ನಿರೀಕ್ಷಿಸಬೇಕು? ಅಪ್ಪನ ಇಡ್ಲಿಯ ಅಕ್ಕಿ, ಉಪ್ಪಿಟ್ಟಿನ ರವೆ, ಕಾಫಿಯ ಸಕ್ಕರೆ ಎಲ್ಲವೂ ಹುಲ್ಲಿನ ಕುಲದ ಸಂತಾನ, ಹೋಟೆಲು ನಡೆಯುತ್ತಿರುವುದೇ ತೃಣದ ಕೃಪೆಯಿಂದ ಎಂದು ನಾನು ವಾದಿಸಿದರೆ, "ಉದ್ದಿನ ಬೇಳೆ ಯಾವ ಕುಲ ಮಾರಾಯ್ತಿ?" ಎಂದು ಅಪ್ಪ ಬಾಯಿ ಮುಚ್ಚಿಸುತ್ತಿದ್ದರು.

ಯೌವನದ ಬಹುಭಾಗವನ್ನು ನಾನು ಸೊಲ್ಲಾಪುರದ ಕಡೆಯ ಒಣಬಯಲುಗಳಲ್ಲಿ ಮಂಡಿಯೂರಿ ಕಳೆದೆ. ಬಯಲಿನ ಒಂದು ಪಾಲಿಗೆ ಬೇಲಿ ಹಾಕಿ ಕುರಿಗಳನ್ನು ದೂರವಿಡುವುದು, ಇನ್ನೊಂದು ಪಾಲನ್ನು ಅವುಗಳಿಗೆ ಬಿಡುವುದು, ಮಳೆ ಮುಗಿದ ಮೇಲೆ ಕಬ್ಬಿಣದ ಚೌಕಟ್ಟೊಂದನ್ನು ನೆಲದ ಮೇಲಿಟ್ಟು ಅದರೊಳಗೆ ಯಾವ ಹುಲ್ಲು ಉಳಿಯಿತು, ಯಾವುದು ಹೊಸದಾಗಿ ಬಂತು, ಯಾವುದು ಮಾಯವಾಯಿತು ಎಂದು ನೋಡುವುದು. ಇಷ್ಟೆಲ್ಲ ಮಾಡಿ ಕಂಡುಕೊಂಡ ಸತ್ಯವೆಂದರೆ, ಕುರಿ ಮೇಯುವುದರಿಂದ ಹುಲ್ಲುಗಾವಲು ಕೆಡಲೂಬಹುದು, ಕೆಡದೆಯೂ ಇರಬಹುದು, ಅದು ಮಳೆಯನ್ನೂ ಮಂದೆ ಒಂದೆಡೆ ಎಷ್ಟು ಕಾಲ ನಿಂತಿತೆಂಬುದನ್ನೂ ಅವಲಂಬಿಸಿದೆ. ಇಷ್ಟಕ್ಕೆ ಡಾಕ್ಟರೇಟ್ ಕೊಟ್ಟ ವಿಶ್ವವಿದ್ಯಾಲಯದ ಔದಾರ್ಯವನ್ನು ಮೆಚ್ಚಲೇಬೇಕು. ಆದರೆ ಇನ್ನೊಂದು ಸಂಗತಿಯನ್ನೂ ಹಾಗೆ ಮಂಡಿಯೂರಿಯೇ ಕಲಿತೆ. ಮರ ತುದಿಯಿಂದ ಬೆಳೆಯುತ್ತದೆ, ಹುಲ್ಲಿನ ಕುಡಿ ಇರುವುದು ಬುಡದಲ್ಲಿ, ಮಣ್ಣಿಗೆ ಅಂಟಿಕೊಂಡು. ಆದ್ದರಿಂದ ಕುರಿ ಕಚ್ಚಿದರೂ ಕುಡುಗೋಲು ಕೊಯ್ದರೂ ಅದು ಮತ್ತೆ ತಲೆಯೆತ್ತುತ್ತದೆ. ಬಯಲಿನ ಹುಲ್ಲು ಸೋಲುವುದು ನೆರಳಿಗೆ. ಅದರ ಮೇಲೆ ತಂಪಾಗಿ ಮರ ಬೆಳೆಸಿ ಉಪಕಾರ ಮಾಡಿ, ಕೆಲವು ವರ್ಷಗಳಲ್ಲಿ ಅದು ಅಲ್ಲಿರುವುದಿಲ್ಲ.

ಅಂಥ ಉಪಕಾರ ನನಗೂ ಧಾರಾಳವಾಗಿ ಸಿಕ್ಕಿದೆ. ಚಿಕ್ಕಪ್ಪ ಬ್ಯಾಂಕಿನ ಕೆಲಸ ಹುಡುಕಿಟ್ಟಿದ್ದರು. ಹಿರಿಯ ಪ್ರಾಧ್ಯಾಪಕರೊಬ್ಬರು ಹುಲ್ಲು ಬಿಟ್ಟು ಕಾಡಿಗೆ ಬಾ, ನನ್ನ ಕೈಕೆಳಗಿರು, ಹೆಸರು ತಾನಾಗಿ ಬರುತ್ತದೆ ಎಂದಿದ್ದರು. ಎಲ್ಲರೂ ಒಳ್ಳೆಯವರೇ, ಕಷ್ಟವಿರುವುದೇ ಅಲ್ಲಿ. ಕೆಟ್ಟವರಾಗಿದ್ದರೆ ಒಂದು ಮಾತು ಬೈದು ಮುಗಿಸಬಹುದಿತ್ತು. ನಾನು ಯಾರ ನೆರಳಿಗೂ ಹೋಗಲಿಲ್ಲ, ಹೋಗದ್ದಕ್ಕೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಈಗ ನಿವೃತ್ತಳಾಗಿ, ವಾರಕ್ಕೊಮ್ಮೆ ಕಾಲೇಜೊಂದಕ್ಕೆ ಪಾಠ ಹೇಳಲು ಹೋಗುತ್ತ, ಆಂಟಾಪ್ ಹಿಲ್‌ನ ಹಳೆಯ ಕಾಲನಿಯಲ್ಲಿದ್ದೇನೆ. ನಮ್ಮ ಬಿಲ್ಡಿಂಗಿನ ಹಿಂದೆ ಗುಡ್ಡದ ಒಂದು ಇಳಿಜಾರಿದೆ. ಬಂಡೆಯ ಮೇಲೆ ತೆಳ್ಳನೆಯ ಮಣ್ಣು, ಮಣ್ಣಿನ ಮೇಲೆ ಹುಲ್ಲು. ಮಂಡಿಗಳು ಮುನಿಸಿಕೊಂಡು ಸೊಲ್ಲಾಪುರ ದೂರವಾದ ಮೇಲೆ ನನಗೆ ಉಳಿದ ಹುಲ್ಲುಗಾವಲು ಅದೊಂದೇ. ಕಳೆದ ಮಳೆಗಾಲದಲ್ಲಿ ಸೊಸೈಟಿಯ ಸೆಕ್ರೆಟರಿ, ಮಂಗಳೂರಿನ ಕಡೆಯ ಸುಧಾಕರ, ಮನೆಗೆ ಬಂದು, "ಅಕ್ಕ, ನಮ್ಮ ವೃಕ್ಷಾರೋಪಣಕ್ಕೆ ನೀವೇ ಚೀಫ್ ಗೆಸ್ಟ್. ಗಿಡದ್ದೇ ಓದಿದವರು ಬಿಲ್ಡಿಂಗಲ್ಲಿ ಇರುವಾಗ ಹೊರಗಿನವರನ್ನು ಯಾಕೆ ಕರೆಯೋದು?" ಎಂದ. ಸನ್ಮಾನವೆಂದರೆ ಯಾರಿಗೆ ಬೇಡ? ಎಲ್ಲಿ ನೆಡುತ್ತೀರೆಂದು ಕೇಳಲೂ ಹೋಗದೆ ಒಪ್ಪಿಕೊಂಡೆ, ಸೀರೆಗೆ ಗಂಜಿ ಹಾಕಿಸಿದೆ, ಅರ್ಧ ಗಂಟೆಯ ಭಾಷಣವನ್ನೂ ಸಿದ್ಧಮಾಡಿಕೊಂಡೆ.

ಭಾನುವಾರ ಕೆಳಗಿಳಿದು ನೋಡಿದರೆ ನನ್ನ ಇಳಿಜಾರಿನ ತುಂಬ ಗುಂಡಿಗಳು. ಎಳೆಯ ಹುಲ್ಲನ್ನು ಬುಡಸಮೇತ ಅಗೆದು ಬದಿಗೆ ರಾಶಿ ಹಾಕಿದ್ದರು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು, ಅಷ್ಟರಲ್ಲಿ ಯಾರೋ ಶಾಲು ಹೊದಿಸಿ ಗುಲ್ಮೊಹರಿನ ಸಸಿಯೊಂದನ್ನು ಕೈಗಿಟ್ಟರು. ಸಸಿಯನ್ನು ಸುಧಾಕರನ ಕೈಗೇ ವಾಪಸು ಕೊಟ್ಟು, ಇಲ್ಲಿ ನಾನು ನೆಡುವುದಿಲ್ಲ, ನಿಮ್ಮನ್ನೂ ನೆಡಲು ಬಿಡುವುದಿಲ್ಲ ಎಂದೆ.

ಅವನು ತಮಾಷೆಯೆಂದು ತಿಳಿದು ನಕ್ಕ. "ಖಾಲಿ ಜಾಗ ಅಲ್ವಾ ಅಕ್ಕ ಇದು? ಫೋಟೋಕ್ಕಾದ್ರೂ ಒಮ್ಮೆ ಕೈ ಹಾಕಿ."

ಖಾಲಿ ಎಂಬ ಆ ಒಂದು ಮಾತನ್ನು ನಾನು ಜೀವಮಾನವಿಡೀ ಕೇಳಿದ್ದೇನೆ. ಸರ್ಕಾರಿ ಕಾಗದಗಳಲ್ಲಿ ಅದನ್ನೇ ಪಾಳು ಎನ್ನುತ್ತಾರೆ. ಅಲ್ಲಿದ್ದ ಹುಲ್ಲುಗಳ ಹೆಸರು ಹಿಡಿದು ಒಂದೊಂದನ್ನೇ ಪರಿಚಯಿಸತೊಡಗಿದೆ. ಕೊಡೆಗಳ ಕೆಳಗಿನ ಸಭಿಕರು ಬಟಾಟೆ ವಡೆಯ ಡಬ್ಬಿಯ ಕಡೆ ನೋಡತೊಡಗಿದರು. ಮೊದಲ ಮಹಡಿಯ ಗಂಗವ್ವ, ಬಾಗಲಕೋಟೆಯ ಕಡೆಯಾಕೆ, ನನ್ನ ತೋಳು ಹಿಡಿದು, "ಹುಲ್ಲಿನ ಸಲುವಾಗಿ ಇಷ್ಟ್ ಸಿಟ್ಟ್ಯಾಕ್ರಿ ಮೇಡಂ? ಗಿಡಾ ಹಚ್ಚೂದು ಪುಣ್ಯದ ಕೆಲಸ ಐತ್ರಿ" ಎಂದಳು. "ಪುಣ್ಯ ಗೇಟಿನ ಹತ್ತಿರ ಮಾಡಿ ಗಂಗವ್ವ, ನೆರಳು ಬೇಕಾದದ್ದು ಅಲ್ಲಿ" ಎಂದೆ.

ಆಮೇಲೆ ಭಾಷಣದಿಂದ ಪ್ರಯೋಜನವಿಲ್ಲವೆಂದು ತಿಳಿದು, ಹೊದ್ದ ಶಾಲಿನಲ್ಲೇ ಕೆಸರಿಗೆ ಮಂಡಿಯೂರಿ, ಅಗೆದು ರಾಶಿ ಹಾಕಿದ್ದ ಹುಲ್ಲಿನ ಬುಡವೊಂದನ್ನು ಗುಂಡಿಯಲ್ಲಿಟ್ಟು ಎರಡೂ ಕೈಯಿಂದ ಮಣ್ಣೆಳೆದೆ. ಶಾಲು ಹೊದಿಸಿದ ಮುಖ್ಯ ಅತಿಥಿಯನ್ನು ರಟ್ಟೆ ಹಿಡಿದು ಎಬ್ಬಿಸುವ ಸಂಪ್ರದಾಯ ನಮ್ಮಲ್ಲಿಲ್ಲ. ಕಮಿಟಿಯವರು ನಾನು ಎರಡನೆಯ ಗುಂಡಿಗೆ ಸರಿದದ್ದನ್ನು ಕಂಡು ಸಸಿಗಳನ್ನು ಎತ್ತಿಕೊಂಡು ಗೇಟಿನ ಕಡೆಗೆ ನಡೆದರು. ಫೋಟೋ ಬಂದದ್ದು ಮಾತ್ರ ನನ್ನ ಬೆನ್ನಿನದು.

ಬರುವ ಮಳೆಗಾಲಕ್ಕೆ ಬೇರೆ ಮುಖ್ಯ ಅತಿಥಿಯನ್ನು ಕರೆಸಿ ಆ ಇಳಿಜಾರಿನಲ್ಲೇ ನೆಡುತ್ತೇವೆಂದು ಸುಧಾಕರ ಮೊನ್ನೆ ಮೆಟ್ಟಿಲಲ್ಲಿ ನನಗೆ ಕೇಳುವಂತೆ ಯಾರಿಗೋ ಹೇಳುತ್ತಿದ್ದ. ಕರೆಸಲಿ. ನನಗೆ ಆಮಂತ್ರಣವೂ ಬೇಡ, ಶಾಲೂ ಬೇಡ. ಅವರಿಗಿಂತ ಮೊದಲೇ ಹೋಗಿ ಹುಲ್ಲಿನ ನಡುವೆ ಕೂತಿರುತ್ತೇನೆ. ಈ ಮಂಡಿಗಳನ್ನು ಇಟ್ಟುಕೊಂಡು ಒಮ್ಮೆ ಕೂತರೆ ನಾನು ಏಳುವವಳಲ್ಲ.